ಸೈರನ್ ಸುಮ್ಮನಾದ್ರ ಯಾರಿಗೆ ಗೊತ್ತಾಗಬೇಕು?

ಫೋಟೋದಾಗ ಕಾಣೋದು ಮಸ್ಕಿಯ ನಮ್ಮ ಕಾಕಾನ ಬೀಜ-ಗೊಬ್ಬರದ ಅಂಗಡಿಯ ಸೈರನ್ ಪೆಟ್ಟಿಗೆ. ಕೆಂಪು ಲೈಟು, ಮ್ಯಾಲೆ ‘24 ತಾಸು ನಿಗಾ’ ಅನ್ನೋ ಸ್ಟಿಕ್ಕರ್. ನೋಡಾಕ ಭಾರಿ ಐತಿ. ಆದ್ರ ಇದು ಒದರಬೇಕಾಗಿದ್ದ ಒಂದೇ ಒಂದು ರಾತ್ರಿ ಬಾಯಿ ಬಿಡಲಿಲ್ಲ.

ಹೋದ ಮಳೆಗಾಲದ ಮಾತು. ಗಾಳಿ-ಮಳೆಗೆ ಕರೆಂಟ್ ಹೋಯ್ತು. ಕರೆಂಟ್ ಹೋದ ಕೂಡಲೆ ವೈಫೈ ರೌಟರ್ ಬಂದ್. ರೌಟರ್ ಬಂದ್ ಆದ ಮೇಲೆ ಅಲಾರಂ ಪೆಟ್ಟಿಗೆಯಿಂದ ಸುದ್ದಿ ಹೊರಗೆ ಹೋಗಾಕ ದಾರಿನೇ ಇಲ್ಲ. ಒಳಗಿನ ಬ್ಯಾಟರಿಯನ್ನು ಹಾಕಿದ ದಿನದಿಂದ ಯಾರೂ ಮುಟ್ಟಿ ನೋಡಿರಲಿಲ್ಲ, ಉಬ್ಬಿ ಕುಂತಿತ್ತು. ಶಟರ್ ಎತ್ತಿದವರು ಔಷಧದ ಡಬ್ಬಿಗಳನ್ನು ಆರಾಮಾಗಿ ಆರಿಸಿಕೊಂಡು, ಹೊತ್ತುಕೊಂಡು ಹೋದರು. ಬೆಳಿಗ್ಗೆ ಕರೆಂಟ್ ಬಂದ ಮೇಲೆ ಕಾಕಾನ ಮೊಬೈಲಿಗೆ ಒಂದು ಮೆಸೇಜ್ ಬಂತು: ‘ನಿಮ್ಮ ಸಾಧನ ಆಫ್‌ಲೈನ್ ಆಗಿತ್ತು.’ ಅಷ್ಟೊತ್ತಿಗೆ ಕಾಕಾ ಅಂಗಡಿ ಮುಂದೇನೇ ನಿಂತಿದ್ದ. ಎದುರಿನ ಚಹಾದಂಗಡಿಯವರು ಫೋನ್ ಮಾಡಿ ಕರೆಸಿದ್ದರು.

ತಿಂಗಳಾ ರೊಕ್ಕ ತಗೊಳ್ಳೋ ನಿಗಾ ಕಂಪನಿಯವರು ಹೇಳಿದ್ದು ಒಂದೇ ಮಾತು: “ಕರೆಂಟ್ ಇರಲಿಲ್ಲ ಸರ್, ನಾವೇನ್ ಮಾಡೋಣ?”

ನನಗೆ ಸಿಟ್ಟು ಬಂದದ್ದು ಇಲ್ಲೇ. ಕರೆಂಟ್ ಇದ್ದಾಗ ಮಾತ್ರ ಬರ್ತೀನಿ ಅಂತ ಕಳ್ಳ ಏನು ಬಾಂಡ್ ಪೇಪರ್ ಮ್ಯಾಲೆ ಬರಕೊಟ್ಟಾನೇನು? ಕತ್ತಲಾಗಲಿ ಅಂತಾನೇ ಕಾಯ್ತಿರ್ತಾನ. ಕರೆಂಟ್, ನೆಟ್ ಎರಡೂ ಹೋದಾಗ ಕೆಲಸ ಮಾಡೋದಕ್ಕೇ ನಾವು ರೊಕ್ಕ ಕೊಡೋದು. ಬ್ಯಾಕಪ್ ಅನ್ನೋದು ಮೇಲಿನ ಸೌಲಭ್ಯ ಅಲ್ಲ; ಅದಿಲ್ಲದ ನಿಗಾ ಸೇವೆ ಬರೀ ಸ್ಟಿಕ್ಕರ್.

ಸಿಂಧನೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದಾಗ ಊರಿಗೆ ಊರೇ ಭತ್ತದ ಗತಿ ಏನು ಅಂತ ಎದೆ ಹಿಡಕೊಂಡು ಕುಂತಿತ್ತು. 33 ಗೇಟಿನ ಡ್ಯಾಮಿಗೆ, ಒಂದು ಗೇಟ್ ಹೋದ್ರ ಇಳಿಸಾಕ ಬದಲಿ ಸ್ಟಾಪ್‌ಲಾಗ್ ತಯಾರಿರಲಿಲ್ಲ. ಹೊಸದಾಗಿ ಮಾಡಿಸಿ ಕೂಡಿಸೋದರೊಳಗ ಒಂದು ವಾರ ನೀರು ಹೊಳಿ ಪಾಲಾಯ್ತು. ಕಾಕಾನ ಅಂಗಡಿಯಾಗ ಆಗಿದ್ದೂ ಅದೇ, ಸಣ್ಣದಾಗಿ.

ಈಗ ಸ್ವಲ್ಪ ಒಳಗಿನ ಮಾತು. (ಇ ಆ್ಯಂಡ್ ಸಿ ಓದೋ ಕ್ಲಾಸ್‌ಮೇಟ್ಸ್, ತಪ್ಪಿದ್ರ ತಿದ್ದರಿ.) ಅಲಾರಂ ಪೆಟ್ಟಿಗೆಯಾಗ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಇರತೈತಿ. ಅರ್ಧ ಆಂಪಿಯರ್ ಎಳೆದ್ರ ಲೆಕ್ಕದಾಗ 14 ತಾಸು. ನಮ್ಮ ರಾಯಚೂರು ಜಿಲ್ಲೆ ಬಿಸಿಲಿಗೆ ಎರಡು ಬೇಸಿಗಿ ಬೆಂದ ಬ್ಯಾಟರಿ ಅದರ ಹತ್ತಿರಕ್ಕೂ ಬರೋದಿಲ್ಲ. ಎರಡನೇದು, ಸುದ್ದಿ ಹೋಗೋ ದಾರಿ. ಬರೀ ವೈಫೈ ಸಾಲದು, ಪೆಟ್ಟಿಗೆಯೊಳಗೆ ಸಿಮ್ ಬೇಕು. ಅದೂ ನೆಟ್ ಕೊಟ್ಟ ಕಂಪನಿದಲ್ಲ, ಬೇರೆದು.

ಆದ್ರ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದನ್ನು ಅಂಗಡಿಯವರು ಯಾರೂ ಕೇಳೋದೇ ಇಲ್ಲ. ಅದು ಹಾರ್ಟ್‌ಬೀಟ್. ಪೆಟ್ಟಿಗೆ ಇಷ್ಟಿಷ್ಟು ನಿಮಿಷಕ್ಕೊಮ್ಮೆ ‘ನಾ ಬದುಕೀನಿ’ ಅಂತ ಕೇಂದ್ರಕ್ಕೆ ಸಿಗ್ನಲ್ ಕಳಿಸತೈತಿ. ಅದು ಬರಲಿಲ್ಲ ಅಂದ್ರ ಬರದೇ ಇದ್ದದ್ದೇ ಅಲಾರಂ. ಅಲ್ಲಿ ಕುಂತವರು ತಕ್ಷಣ ಫೋನ್ ಮಾಡಬೇಕು. ಮೌನವನ್ನು ‘ಎಲ್ಲಾ ಚಲೋ ಐತಿ’ ಅಂತ ತಿಳಿಯೋ ವ್ಯವಸ್ಥೆ ಇದ್ರೂ ಅಷ್ಟೇ, ಇಲ್ಲದಿದ್ರೂ ಅಷ್ಟೇ.

ನ್ಯಾಮತಿ ನೆನಪೈತಲ್ಲ? ದಾವಣಗೆರೆ ಜಿಲ್ಲೆ, ಎಸ್‌ಬಿಐ ಶಾಖೆ. 2024ರ ಅಕ್ಟೋಬರಿನಾಗ ನಾಲ್ಕನೇ ಶನಿವಾರ, ಭಾನುವಾರ ರಜೆ ಮುಗಿಸಿ 28ರ ಸೋಮವಾರ ಸಿಬ್ಬಂದಿ ಬಂದಾಗಲೇ ಗೊತ್ತಾದದ್ದು, ಸುಮಾರು 17 ಕಿಲೋ 700 ಗ್ರಾಂ ಬಂಗಾರ ಹೋಗೈತಿ ಅಂತ. ಕಳ್ಳರು ಸೈರನ್ ಮತ್ತು ಕ್ಯಾಮೆರಾ ಕೆಲಸ ಮಾಡದಂಗ ಮಾಡಿ, ರೆಕಾರ್ಡ್ ಇದ್ದ ಡಿವಿಆರ್ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋಗಿದ್ದರು. ಪೊಲೀಸರು ತಿಂಗಳುಗಟ್ಟಲೆ ಬೆನ್ನು ಹತ್ತಿ, 2025ರಲ್ಲಿ ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಒಂದು ಬಾವಿಯಿಂದ ಬಂಗಾರ ಎತ್ತಿಸಿದರು. ಅದು ಅವರ ಶ್ರಮ. ಆದ್ರ ರೆಕಾರ್ಡಿನ ಇನ್ನೊಂದು ಪ್ರತಿ ಬೇರೆ ಎಲ್ಲರ ಇದ್ದಿದ್ರ ಡಿವಿಆರ್ ಕದ್ದು ಅವರಿಗೇನು ಸಿಗ್ತಿತ್ತು? (ನಮ್ಮ ಮಸ್ಕಿ ಶಾಸನ ಬರೆಸಿದ ಅಶೋಕ ಅದೇ ಮಾತನ್ನು ಕೊಪ್ಪಳದ ಗವಿಮಠ, ಪಾಲ್ಕಿಗುಂಡಿನಾಗೂ ಕೆತ್ತಿಸಿಟ್ಟಾನ. ಒಂದೇ ಬಂಡೆ ನಂಬಲಿಲ್ಲ ಪುಣ್ಯಾತ್ಮ.)

ಹಂಗೇ, ನಿಗಾ ಕೇಂದ್ರಕ್ಕೂ ಬ್ಯಾಕಪ್ ಬೇಕು. ಅಲ್ಲಿ ಜನರೇಟರ್ ಐತೇನು, ಎರಡನೇ ಲೈನ್ ಐತೇನು, ಆ ಕಟ್ಟಡಕ್ಕೇ ಬೆಂಕಿ ಬಿದ್ರ ಇನ್ನೊಂದು ಊರಿಂದ ನೋಡೋರು ಇದ್ದಾರೇನು? 2024ರ ಏಪ್ರಿಲ್ 17ರಂದು ಅಮೆರಿಕದಾಗ ಲೈಟ್ ಕಂಬ ಹುಗಿಯೋವಾಗ ಒಂದು ಫೈಬರ್ ಕೇಬಲ್ ತುಂಡಾಗಿ, ಸೌತ್ ಡಕೋಟಾ, ನೆಬ್ರಾಸ್ಕಾದಂಥ ರಾಜ್ಯಗಳಲ್ಲಿ ತುರ್ತು ಸಂಖ್ಯೆ 911ಕ್ಕೇ ಕರೆ ಹತ್ತಲಿಲ್ಲ. ನಮ್ಮ ಕಡೆ ರಸ್ತೆ ಅಗಿಯೋ ಜೆಸಿಬಿ ಕಂಡಾಗೆಲ್ಲ ನನಗೆ ಇದೇ ನೆನಪಾಗತೈತಿ.

“ಇಷ್ಟೆಲ್ಲಾ ಮಾಡಿಸಾಕ ಸಣ್ಣ ಅಂಗಡಿಯವನ ಹತ್ರ ರೊಕ್ಕ ಎಲ್ಲೈತಿ?” ಅಂತ ಕಾಕಾ ಕೇಳ್ತಾನ. ಖರೇ ಮಾತು. ಆದ್ರ ಬ್ಯಾಟರಿಗೆ ಸಾವಿರದ ಆಸುಪಾಸು, ಇನ್ನೊಂದು ಸಿಮ್ಮಿಗೆ ಸಣ್ಣ ರೀಚಾರ್ಜ್. ಕೇಂದ್ರದ ಬ್ಯಾಕಪ್ ಹೊಣೆ ಮಾತ್ರ ಕಂಪನಿದು. ಅದನ್ನು ಅಗ್ರಿಮೆಂಟಿನಾಗ ಬರೆಸಿಕೊಳ್ಳೋದಕ್ಕೆ ರೊಕ್ಕ ಬೇಕಾಗಿಲ್ಲ, ಬಾಯಿ ಬೇಕು.

ಹೋದ ರವಿವಾರ ಲಿಂಗಸುಗೂರಿನಾಗ ನಮ್ಮ ಸೋದರಮಾವನ ಮೊಬೈಲ್ ಅಂಗಡಿಯಲ್ಲಿ ಪರೀಕ್ಷೆ ಮಾಡಿದ್ವಿ. ಅಲ್ಲಿರೋದು ಬೇರೆ ಕಂಪನಿದು. ಯಾರಿಗೂ ಹೇಳದೆ ಮೇನ್ ಸ್ವಿಚ್ ಇಳಿಸಿದೆ, ರೌಟರ್ ವೈರ್ ಕಿತ್ತೆ. ಫೋನ್ ನಡುವಿಟ್ಟು ಇಬ್ಬರೂ ಕುಂತ್ವಿ. ಕರೆ ಬಂತು, 23 ನಿಮಿಷದ ಮೇಲೆ.

ಮಾವ ಗೋಡೆ ತುಂಬಾ ಇದ್ದ ಡಬ್ಬಿಗಳನ್ನ ಒಮ್ಮೆ ನೋಡಿ ಅಂದ: “ಅಷ್ಟೊತ್ತಿಗೆ ಏನ್ ಉಳೀತಿತ್ತಪಾ ಇಲ್ಲೆ?”

ಸೋಮವಾರ ಅವರಿಗೆ ಪತ್ರ ಕೊಟ್ಟೀವಿ, ಹಾರ್ಟ್‌ಬೀಟ್ ಸಮಯ ಕಡಿಮಿ ಮಾಡ್ರಿ ಅಂತ. ಮುಂದಿನ ರವಿವಾರ ಮತ್ತೊಮ್ಮೆ ಸ್ವಿಚ್ ಇಳಸ್ತೀವಿ. ಎಷ್ಟು ನಿಮಿಷ ಅಂತ ಇಲ್ಲೇ ಹಾಕ್ತೀನಿ.