ಚಹಾದ ಲೆಕ್ಕ ಯಾರ ಹೆಸರಿಗೆ?

ನಮ್ಮ ಮಹಿಳಾ ಮಂಡಳದಲ್ಲಿ ಒಂದು ಸಲ ಇಂಧನ ಉಳಿತಾಯದ ಬಗ್ಗೆ ಭಾಷಣವಿತ್ತು. ಬಂದವರು ನಿವೃತ್ತ ಅಧಿಕಾರಿಗಳು, ಬಲು ಸಜ್ಜನರು. "ತಾಯಂದಿರೇ, ಗ್ಯಾಸು ನಿಮ್ಮ ಕೈಯಲ್ಲಿದೆ. ಪಾತ್ರೆಗೆ ಮುಚ್ಚಳ ಹಾಕಿರಿ, ಉರಿ ಸಣ್ಣ ಮಾಡಿರಿ, ದೇಶ ಉಳಿಸಿರಿ" ಎಂದು ಮುಕ್ಕಾಲು ತಾಸು ಮಾತನಾಡಿದರು. ನಾವೂ ಚಪ್ಪಾಳೆ ತಟ್ಟಿದೆವು. ಆ ಮುಕ್ಕಾಲು ತಾಸಿನಲ್ಲಿ ಅವರೊಬ್ಬರಿಗಾಗಿ ಮೂರು ಸಲ ಒಲೆ ಹೊತ್ತಿತು. ಬಂದ ಕೂಡಲೇ ಒಂದು ಚಹಾ ಕೊಟ್ಟೆವು. ಸಕ್ಕರೆ ನಡೆಯುವುದಿಲ್ಲ ಎಂದರು. ಸಕ್ಕರೆ ಇಲ್ಲದ್ದು ಮಾಡಿ ತಂದೆವು. ಅದು ಮಾತಿನ ಭರದಲ್ಲಿ ಆರಿಹೋಯಿತು. ಮತ್ತೆ ಬಿಸಿ ಮಾಡಿದೆವು.

ಮನೆಗೆ ಬರುವಾಗ ಜೊತೆಗಿದ್ದ ಹಿರಿಯಾಕೆ ಕೇಳಿದಳು: "ಯವ್ವಾ, ಮುಚ್ಚಳ ಬೋಗುಣಿಗೆ ಹಾಕ್ಬೇಕೋ, ಚಾ ಕೇಳೋರ ಬಾಯಿಗೆ ಹಾಕ್ಬೇಕೋ?"

ದಾರಿಯುದ್ದಕ್ಕೂ ನಕ್ಕೆವು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ.

ಅಧಿಕಾರಿಗಳು ಹೇಳಿದ್ದು ಸುಳ್ಳೇನಲ್ಲ. ಒಂದು ಲೀಟರ್ ತಣ್ಣೀರನ್ನು ಕುದಿಗೆ ತರಲು ಮನೆಯ ಸಾಧಾರಣ ಒಲೆಯಲ್ಲಿ ಹನ್ನೊಂದು ಹನ್ನೆರಡು ಗ್ರಾಂ ಗ್ಯಾಸು ಸಾಕು. 14.2 ಕಿಲೋ ಸಿಲಿಂಡರಿಗೆ ಅದು ದೊಡ್ಡ ಭಾರವಲ್ಲ. ಖರ್ಚು ಶುರುವಾಗುವುದು ಕುದಿ ಬಂದ ಮೇಲೆ. ಎಷ್ಟೇ ಉರಿ ಕೊಟ್ಟರೂ ಕುದಿಯುವ ನೀರು 100 ಡಿಗ್ರಿ ದಾಟುವುದಿಲ್ಲ. ಹೆಚ್ಚಿನ ಉರಿಯೆಲ್ಲ ಆವಿಯಾಗಿ ಮಾಡಿಗೆ ಹೋಗುತ್ತದೆ. ನೀರಿನ ಏಳರಲ್ಲೊಂದು ಪಾಲು ಆವಿಯಾಯಿತೆಂದರೆ, ಅಷ್ಟೂ ನೀರನ್ನು ಕುದಿಗೆ ತಂದಷ್ಟೇ ಗ್ಯಾಸು ಎರಡನೆಯ ಸಲ ಹೋಯಿತು ಎಂದು ಲೆಕ್ಕ. ನಮ್ಮ ಕೊಪ್ಪಳ ಸೀಮೆಯಲ್ಲಿ ಚಹಾ ಖಡಕ್ ಆಗಿರಬೇಕು, ನಿಜ. ಆದರೆ ನಾವು ಕೊಳ್ಳುವ ಹರಳು ಹರಳಾದ ಸಿ.ಟಿ.ಸಿ. ಪುಡಿ ಬೇಗನೆ ಬಣ್ಣ ಬಿಡಲೆಂದೇ ಹಾಗೆ ಜಜ್ಜಿ ಮಾಡಿದ್ದು. ಕಪ್ಪಿನಿಂದ ಅಳೆದು ನೀರಿಡಿ, ಮುಚ್ಚಿಡಿ. ಕುದಿ ಬಂದಾಗ ಪುಡಿ ಹಾಕಿ ಒಲೆ ಆರಿಸಿ ಮತ್ತೆ ಮುಚ್ಚಿಡಿ. ನಾಲ್ಕೈದು ನಿಮಿಷದಲ್ಲಿ ಕಡುಗೆಂಪಾಗುತ್ತದೆ. ಮುಂಜಾನೆ ಹೇಗೂ ಹಾಲು ಕಾಯಿಸುತ್ತೀರಿ. ಆ ಬಿಸಿ ಹಾಲನ್ನೇ ಬೆರೆಸಿರಿ. ಫ್ರಿಜ್ಜಿನ ಹಾಲಾದರೆ ಸ್ವಲ್ಪ ಮೊದಲೇ ಹೊರಗಿಡಿ.

ಇಷ್ಟು ನಮಗೆ ಗೊತ್ತಾಗದ್ದಲ್ಲ. ನನ್ನ ಜಗಳ ಬೇರೆ. ಕುದಿಸುವ ಹೊತ್ತು ಕಪ್ಪಿಗೆ ಲೆಕ್ಕವಲ್ಲ, ಬೋಗುಣಿಗೆ ಲೆಕ್ಕ. ಐದು ಕಪ್ಪು ಒಮ್ಮೆ ಇಟ್ಟರೆ ಐದು ನಿಮಿಷದ ಕುದಿ. ಐವರಿಗೆ ಐದು ಸಲ ಇಟ್ಟರೆ ಇಪ್ಪತ್ತೈದು ನಿಮಿಷ. ಬೋಗುಣಿಯೂ ಐದು ಸಲ ಕಾಯಬೇಕು, ಐದು ಸಲ ತೊಳೆಯಬೇಕು. ಒಂದು ಭಾನುವಾರ ನಮ್ಮ ಮನೆಯಲ್ಲಿ ಎಣಿಸಿದೆ. ಮಾವನವರು ಐದೂವರೆಗೆ, ಯಜಮಾನರು ಏಳಕ್ಕೆ, ಮಗ ಒಂಬತ್ತಕ್ಕೆ, ಪೇಪರು ಓದಿದ ಮೇಲೆ ಯಜಮಾನರಿಗೆ ಮತ್ತೊಮ್ಮೆ, ಅವರ ಗೆಳೆಯರಿಗೆ... ರಾತ್ರಿಯೊಳಗೆ ಒಂಬತ್ತು ಸಲ ಚಹಾ ಇಟ್ಟಿದ್ದೆ. ನಾನು ಕುಡಿದದ್ದು ಎರಡು. ತಿಂಗಳ ಕೊನೆಗೆ ಸಿಲಿಂಡರು ಮುಗಿದಾಗ "ಇಷ್ಟ ಲಗೂನ ಹೆಂಗ ಮುಗೀತು?" ಎಂಬ ಪ್ರಶ್ನೆ ಬಂದದ್ದು ಮಾತ್ರ ನನಗೊಬ್ಬಳಿಗೇ. ಕುಡಿದವರು ಒಂದು ಕಡೆ, ಜವಾಬು ಕೊಡುವವಳು ಇನ್ನೊಂದು ಕಡೆ!

ನಮ್ಮತ್ತೆ ಯಲಬುರ್ಗಾ ಕಡೆಯ ಹಳ್ಳಿಯವರು. ಹತ್ತಿಕಟ್ಟಿಗೆ, ಜಾಲಿಕಟ್ಟಿಗೆ, ಕುಳ್ಳಿನ ಒಲೆ. ಚಹಾ ಆದ ಮೇಲೆ ಉಳಿದ ಕೆಂಡದ ಮೇಲೆ ನೀರಿನ ತಂಬಿಗೆ ಇಡುತ್ತಿದ್ದರು. ತಡವಾಗಿ ಎದ್ದವರು ಕೇಳಿದರೆ, "ಒಲಿ ಆರೇತಿ, ಇನ್ನ ಸಂಜಿಗೇ" ಎಂದರೆ ಮುಗಿಯಿತು, ಯಾರೂ ಎದುರಾಡುತ್ತಿರಲಿಲ್ಲ. ಯಾಕೆಂದರೆ ಕಟ್ಟಿಗೆಯ ಹೊರೆ ಹೆಂಗಸಿನ ತಲೆಯ ಮೇಲೆ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಗ್ಯಾಸಿಗೆ ಹೊರೆಯಿಲ್ಲ, ಹೊಗೆಯಿಲ್ಲ. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಎಷ್ಟೋ ಬಡವರ ಮನೆಗೂ ಅದು ಬಂತು. ಒಳ್ಳೆಯದೇ ಆಯಿತು, ಹೊಗೆ ನುಂಗಿ ಕಣ್ಣು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಆದರೆ ಗುಂಡಿ ತಿರುವಿದರೆ ಬೆಂಕಿ ಎಂದಾದ ಮೇಲೆ ಕೇಳುವವರಿಗೆ ಹೊತ್ತುಗೊತ್ತಿಲ್ಲದಾಯಿತು. 2023ರ ಮಾರ್ಚಿನಲ್ಲಿ ಸಿಲಿಂಡರು 1,100 ರೂಪಾಯಿ ದಾಟಿತು. ಆಗಸ್ಟ್ ಕೊನೆಗೆ 200 ಇಳಿಸಿದರು. ಬೆಲೆ ಏರಿದಾಗಲೂ ಇಳಿದಾಗಲೂ ಕಟ್ಟೆಯ ಮೇಲೆ ಕೂತು ಚರ್ಚಿಸಿದವರ ಕೈಯಲ್ಲಿ ಚಹಾದ ಕಪ್ಪಿತ್ತು.

"ಕರೆಂಟಿನ ಕೆಟಲು ತಂದುಬಿಡು" ಎನ್ನುತ್ತಾರೆ ಕೆಲವರು. ತರಬಹುದು. ಒಂದು ಲೀಟರ್ ನೀರು ಕಾಯಲು ಸುಮಾರು ಹತ್ತರಲ್ಲೊಂದು ಯೂನಿಟ್ ಸಾಕು, ಕುದಿ ಬಂದೊಡನೆ ತಾನೇ ಆರುತ್ತದೆ. ಆದರೆ 2023ರಲ್ಲಿ ಗೃಹಜ್ಯೋತಿ ಬಂದಾಗ ಎಲ್ಲರಿಗೂ 200 ಯೂನಿಟ್ ಎಂದಿರಲಿಲ್ಲ. ಹಿಂದಿನ ವರ್ಷದ ಸರಾಸರಿಯ ಮೇಲೆ ಶೇಕಡಾ 10 ಎಂದು ಪ್ರತಿ ಮನೆಗೂ ಮಿತಿ ಹಾಕಿದ್ದರು. ದಿನಕ್ಕೆ ಒಂಬತ್ತು ಸಲ ಕೆಟಲು ಒತ್ತಿದರೆ ಪುಕ್ಕಟೆಯದೂ ಮುಗಿಯುತ್ತದೆ. ಉಪಕರಣ ಬದಲಾದರೆ ಸಾಲದು, ಕೇಳುವ ರೂಢಿ ಬದಲಾಗಬೇಕು.

"ಹಂಗಾದ್ರ ಬಂದವರಿಗೆ ಚಾ ಕೊಡಬಾರದೇನು?" ಎಂದು ನೀವು ಕೇಳಬಹುದು. ಕೊಡಬೇಕು. ಬಿಸಿಲಲ್ಲಿ ಕುಷ್ಟಗಿಯಿಂದಲೋ ಗಂಗಾವತಿಯಿಂದಲೋ ಬಸ್ಸಿಳಿದು ಬಂದವರನ್ನು ಬರಿಬಾಯಲ್ಲಿ ಕಳಿಸುವ ಮಂದಿ ನಾವಲ್ಲ. ಅತಿಥಿಗಾಗಿ ಒಲೆ ಹೊತ್ತಿಸಲು ನನಗೆ ಬೇಸರವಿಲ್ಲ. ಮನೆಯವರೇ ಒಬ್ಬೊಬ್ಬರಾಗಿ ಅತಿಥಿಗಳಾದರೆ ಮಾತ್ರ ನನ್ನ ತಕರಾರು.

ಈಗ ನಮ್ಮಲ್ಲಿ ಚಹಾ ಎರಡೇ ಹೊತ್ತು: ಮುಂಜಾನೆ ಆರೂವರೆ, ಸಂಜೆ ಐದು. ಥರ್ಮಾಸನ್ನು ಮೊದಲು ಬಿಸಿನೀರಿನಿಂದ ತೊಳೆದು, ಉಳಿದವರ ಪಾಲು ಅದರಲ್ಲಿ ಸುರಿದಿಡುತ್ತೇನೆ. ಆಮೇಲೆ ಬೇಕಾದವರು ತಾವೇ ಇಟ್ಟುಕೊಳ್ಳಬೇಕು. ಮೊದಲ ವಾರ ಮನೆಯಲ್ಲಿ ಮುನಿಸೋ ಮುನಿಸು. "ಒಂದೀಟ ಚಾ ಇಡು" ಎಂದರು ಯಜಮಾನರು. "ಥರ್ಮಾಸಿನ್ಯಾಗ ಐತ್ರಿ" ಎಂದೆ. ಅದು ಸೇರಲಿಲ್ಲ, ಎದ್ದು ಅಡುಗೆಮನೆಗೆ ಹೋದರು. ಕಪ್ಪಿನಲ್ಲಿ ನೀರು ಅಳೆದು ಹಾಕುವ ಸಪ್ಪಳ ಕೇಳಿಸಿತು. ಸ್ವಲ್ಪ ಹೊತ್ತಿಗೆ, "ಏ, ಇದರ ಮುಚ್ಚಳ ಎಲ್ಲೈತಿ?" ಎಂಬ ಕೂಗು.

ಮೂವತ್ತು ವರ್ಷ ಅದೇ ಮನೆಯಲ್ಲಿದ್ದವರಿಗೆ ಮುಚ್ಚಳ ಇಡುವ ಜಾಗ ಗೊತ್ತಿರಲಿಲ್ಲ. ನಾನು ಎದ್ದುಹೋಗಲಿಲ್ಲ, ಕೂತಲ್ಲಿಂದಲೇ ಹೇಳಿದೆ. ಅಧಿಕಾರಿಗಳು ಇನ್ನೊಮ್ಮೆ ಭಾಷಣಕ್ಕೆ ಬರುವುದಾದರೆ ದಯವಿಟ್ಟು ಮಹಿಳಾ ಮಂಡಳಕ್ಕೆ ಬರುವುದು ಬೇಡ. ಕಟ್ಟೆಗೆ ಹೋಗಲಿ.