ಮ್ಯೂಆನ್ ಲೆಕ್ಕ ಕೂಡುತ್ತಿಲ್ಲ, ಕೋಲಾರದ ಗಣಿಯಲ್ಲಿ ನೀರು

ನವಲಗುಂದದ ಒಂದು ಎಕರೆ ಎರೆಹೊಲದ ಮೇಲೆ ನಿಮಿಷಕ್ಕೆ ಸುಮಾರು 4 ಕೋಟಿ ಮ್ಯೂಆನ್‌ಗಳು ಸುರಿಯುತ್ತವೆ. ಮುಂಗಾರು ಕೈಕೊಟ್ಟ ವರ್ಷವೂ ಈ ಮಳೆ ತಪ್ಪಲ್ಲ. ಬಾಹ್ಯಾಕಾಶದಿಂದ ಬಂದ ಕಾಸ್ಮಿಕ್ ಕಣವೊಂದು ಮೇಲಿನ ಗಾಳಿಗೆ ಬಡಿದಾಗ ಹೊಸ ಕಣಗಳು ಚಿಮ್ಮುತ್ತವೆ, ಅವು ಮತ್ತೆ ಬಡಿಯುತ್ತವೆ. ನೆಲ ಮುಟ್ಟುವಾಗ ಅದು ಕಣಗಳ ದೊಡ್ಡ ಜಡಿಮಳೆ. ಅದರಲ್ಲಿ ಮ್ಯೂಆನ್ ಅಂದರೆ ಎಲೆಕ್ಟ್ರಾನಿನ ಜಾತಿಯದೇ, ಸುಮಾರು 207 ಪಟ್ಟು ಭಾರದ್ದು.

ಅತಿ ಹೆಚ್ಚು ಶಕ್ತಿಯ ಜಡಿಮಳೆಗಳಲ್ಲಿ ಮಾತ್ರ ಲೆಕ್ಕ ಕೂಡುತ್ತಿಲ್ಲ. ಅರ್ಜೆಂಟೀನಾದ ಪಿಯರ್ ಓಜೆ ವೀಕ್ಷಣಾಲಯ 3,000 ಚದರ ಕಿಲೋಮೀಟರಿನಲ್ಲಿ ಹರಡಿದೆ, ನಮ್ಮ ಧಾರವಾಡ ಜಿಲ್ಲೆಯ ಹತ್ತಿರತ್ತಿರ ಮುಕ್ಕಾಲು ಪಾಲು. ಅದು 2016ರಲ್ಲಿ ಹೇಳಿದ್ದು: ಮ್ಯೂಆನ್‌ಗಳ ಗುರುತು ಸಿದ್ಧಾಂತದ ಲೆಕ್ಕಕ್ಕಿಂತ ಶೇ. 30ರಿಂದ 60ರಷ್ಟು ಜಾಸ್ತಿ. ಬೇರೆ ಕೆಲವು ಕಡೆಯ ಅಳತೆಗಳೂ ಅದನ್ನೇ ಹೇಳುತ್ತವೆ, ಎಲ್ಲವೂ ಅಲ್ಲ.

ಬಹುಶಃ ಎಡವಟ್ಟಾಗಿರುವುದು ಪಾಲು ಹಂಚಿಕೆಯಲ್ಲಿ. ಪ್ರತಿ ಡಿಕ್ಕಿಯಲ್ಲೂ ಒಂದಿಷ್ಟು ಶಕ್ತಿ ವಿದ್ಯುದಂಶವಿಲ್ಲದ ಪಯಾನ್‌ಗಳಿಗೆ ಹೋಗಿ ಬೆಳಕಾಗಿ ಮುಗಿಯುತ್ತೆ. ಉಳಿದದ್ದು ಮುಂದೆ ಸಾಗಿ ಮ್ಯೂಆನ್ ಆಗುತ್ತೆ. ಆ ಮೊದಲ ಪಾಲು ನಾವು ಅಂದುಕೊಂಡದ್ದಕ್ಕಿಂತ ಚೂರು ಕಡಿಮೆ ಇದ್ದರೂ ಸಾಕು, ಡಿಕ್ಕಿ ಮೇಲೆ ಡಿಕ್ಕಿ ಆಗಿ ಕೊನೆಗೆ ದೊಡ್ಡ ವ್ಯತ್ಯಾಸ. ಇದನ್ನು ತಿಳಿಯಲೆಂದೇ 2025ರ ಜುಲೈನಲ್ಲಿ ಸರ್ನ್‌ನಲ್ಲಿ ಪ್ರೋಟಾನನ್ನು ಆಮ್ಲಜನಕಕ್ಕೆ ಡಿಕ್ಕಿ ಹೊಡೆಸಿದರು. ಗಾಳಿಯಲ್ಲಿ ಆಗುವುದೂ ಅದೇ ತಾನೆ! (ವಿಜ್ಞಾನಿಗಳಿಗೇ ಗೊತ್ತಿಲ್ಲ ಅಂದ ಕೂಡಲೇ ನಮ್ಮ ಪೂರ್ವಜರಿಗೆ ಗೊತ್ತಿತ್ತು ಅನ್ನೋ ವಾಟ್ಸಾಪ್ ಪಂಡಿತರು ಸ್ವಲ್ಪ ತಡೀಬೇಕು.)

ಇನ್ನೊಂದು ದಾರಿ ನೆಲದಡಿ ಅಳೆಯುವುದು. ಆಳಕ್ಕೆ ಇಳಿಯೋದು ಭಾರಿ ಶಕ್ತಿಯ ಮ್ಯೂಆನ್ ಮಾತ್ರ, ಅದು ಮೊದಮೊದಲ ಡಿಕ್ಕಿಗಳ ಸುದ್ದಿ ತರುತ್ತೆ. ದಕ್ಷಿಣ ಧ್ರುವದ ಐಸ್‌ಕ್ಯೂಬ್ ಹಾಗೇ ಮಾಡುತ್ತಿದೆ, ಹಿಮದ ಮೇಲೊಂದು ಅಳತೆ, ಒಂದೂವರೆ ಕಿಲೋಮೀಟರ್ ಕೆಳಗೊಂದು. ಇಂಥ ಆಳ ನಮ್ಮ ರಾಜ್ಯದಲ್ಲೇ ಇತ್ತು. ಕೋಲಾರದ ಚಿನ್ನದ ಗಣಿಯಲ್ಲಿ, ನಂಜನಗೂಡಿನವರಾದ ಬಿ.ವಿ. ಶ್ರೀಕಂಠನ್ 1950ರ ದಶಕದಲ್ಲೇ ಮ್ಯೂಆನ್ ಅಳೆದಿದ್ದರು. 1965ರಲ್ಲಿ ಅಲ್ಲೇ, 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದ ನ್ಯೂಟ್ರಿನೋ ಸಿಕ್ಕಿತು. 1970ರ ದಶಕದಲ್ಲಿ ವರದಿಯಾದ 'ಕೋಲಾರ ಘಟನೆ'ಗಳಿಗೆ ಇಂದಿಗೂ ಎಲ್ಲರೂ ಒಪ್ಪಿದ ವಿವರಣೆ ಇಲ್ಲ.

2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು, ಬಂಗಾರದ ಖರ್ಚು ಗಿಟ್ಟಲಿಲ್ಲ ಅಂತ. ಕಾರ್ಮಿಕರು ಬೀದಿಗೆ ಬಿದ್ದರು, ಸುರಂಗಗಳಿಗೆ ನೀರು ನುಗ್ಗಿತು. ಅದೇ ವರ್ಷ ಜಪಾನಿನ ಕಮಿಯೋಕಾದಲ್ಲೂ ಅದಿರು ತೆಗೆಯುವುದು ನಿಂತಿತು. ಆದರೆ ಪ್ರಯೋಗಾಲಯ ಉಳಿಯಿತು, ಅಲ್ಲಿನ ಕೆಲಸಕ್ಕೆ 2002 ಮತ್ತು 2015ರಲ್ಲಿ ನೊಬೆಲ್ ಬಂತು. ಹೋಲಿಕೆ ಸರಿಸಮ ಅಲ್ಲ, ಒಪ್ಪೋಣ. ಅಲ್ಲಿ ಗುಡ್ಡದೊಳಗೆ ಅಡ್ಡ ಸುರಂಗ, ಇಲ್ಲಿ ನೆಟ್ಟಗೆ ಇಳಿಯುವ ಬಾವಿ, ದಿನವೂ ನೀರೆತ್ತಬೇಕು. ಆದರೂ ಅಷ್ಟು ಆಳ ಇಟ್ಟುಕೊಂಡು ಬಂಗಾರದ ಲೆಕ್ಕ ಒಂದನ್ನೇ ನೋಡಿದ್ದು ಸರಿಯಲ್ಲ ಅಂತಲೇ ನನ್ನ ಅನಿಸಿಕೆ. ಕೆಜಿಎಫ್‌ನಲ್ಲಿ ಮತ್ತೆ ಚಿನ್ನ ತೆಗೆಯುವ ಮಾತು ಆಗಾಗ ಬರುತ್ತೆ. ಮುಂದಿನ ಸಲ ಬಂದಾಗ ನಮ್ಮ ಸಂಸದರು, ಶಾಸಕರನ್ನು ಕೇಳಬೇಕು: ಟೆಂಡರಿನಲ್ಲಿ ಪ್ರಯೋಗಾಲಯಕ್ಕೆ ಒಂದು ಕೋಣೆ ಬರೆದಿದ್ದೀರಾ?