ಬಹರೇನಲ್ಲಿ ನೋಡಕ್ಕೆ ಏನಿದೆ ಗುರು?



ಗುರುವಾರ ಸಂಜೆ ಒಮ್ಮೆ ಕಿಂಗ್ ಫಹದ್ ಸೇತುವೆ ಕಡೆ ಹೋಗಿ ನೋಡಿ. 1986ರಲ್ಲಿ ತೆರೆದ, 25 ಕಿ.ಮೀ. ಉದ್ದದ ಆ ಸೇತುವೆ ಮೇಲೆ ಸೌದಿ ಕಡೆಯಿಂದ ಕಾರುಗಳ ಸಾಲೋ ಸಾಲು. ಎಲ್ಲಿಗೆ ಹೊರಟಿದಾರೆ ಇವರೆಲ್ಲ? ಬಹರೇನಿಗೆ! ವಾರಕ್ಕೆರಡು ದಿನ ಹಾಯಾಗಿದ್ದು ಬರೋಣ ಅಂತ ಗಂಟೆಗಟ್ಟಲೆ ಸಾಲಲ್ಲಿ ಕಾದು ಬರ್ತಾರೆ.

ಅದೇ ಗುರುವಾರ ಸಂಜೆ, ಅದೇ ಬಹರೇನಿನ ಒಂದು ಫ್ಲಾಟಿನಲ್ಲಿ ನಮ್ಮ ಕನ್ನಡದ ಹೆಣ್ಣುಮಗಳೊಬ್ಬಳು "ರೀ, ಈ ವಾರ ನಾವಿಬ್ಬರೇ ಎಲ್ಲಾದ್ರೂ ಹೋಗಿ ಬರೋಣ್ವಾ?" ಅಂತ ಕೇಳ್ತಾಳೆ. ರಾಯರು ಟೀವಿಯಿಂದ ಕಣ್ಣು ಕೀಳದೇ ಉತ್ತರ ಕೊಡ್ತಾರೆ: "ಬಹರೇನಲ್ಲಿ ನೋಡಕ್ಕೆ ಏನಿದೆ ಮಾರಾಯ್ತಿ? ಊರಿಗೆ ಹೋದಾಗ ಮಡಿಕೇರಿಗೆ ಹೋಗೋಣ ಬಿಡು."

ಈ ಉತ್ತರಾನ ನಾನೂ ವರ್ಷಗಟ್ಟಲೆ ಕೊಟ್ಟಿದೀನಿ. ಅದಕ್ಕೇ ಅದೆಷ್ಟು ದೊಡ್ಡ ಸುಳ್ಳು ಅಂತ ಎದೆ ತಟ್ಟಿ ಹೇಳ್ತೀನಿ.

ಮಡಿಕೇರಿ ಅನ್ನೋ ಮುಂದಿನ ತಾರೀಖಿನ ಚೆಕ್ಕು!

ಊರಿಗೆ ಹೋದಾಗ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ಒಂದು ತಿಂಗಳ ರಜೆ. ಮೊದಲ ವಾರ ನಿದ್ದೆ ಮತ್ತು ನೆಂಟರು. ಎರಡನೇ ವಾರ ಅಪ್ಪನ ಕಣ್ಣಿನ ಆಪರೇಷನ್ನು, ಬ್ಯಾಂಕಿನ ಕಾಗದಪತ್ರ, ಸೈಟಿನ ತಕರಾರು. ಮೂರನೇ ವಾರ ಇವರ ಕಡೆ ಮದುವೆ, ಅವರ ಕಡೆ ಗೃಹಪ್ರವೇಶ. ಕೊನೇ ವಾರ ಉಪ್ಪಿನಕಾಯಿ, ಹಪ್ಪಳ, ಸಾರಿನ ಪುಡಿ ತೂಕ ಹಾಕಿ ಪೆಟ್ಟಿಗೆ ಕಟ್ಟೋದು. ಮಡಿಕೇರಿ ಎಲ್ಲಿ ಬಂತು? ಆ ಚೆಕ್ಕು ಪ್ರತಿ ವರ್ಷ ಬೌನ್ಸ್ ಆಗುತ್ತೆ, ಪ್ರತಿ ವರ್ಷ ಹೊಸ ತಾರೀಖು ಹಾಕಿ ಮತ್ತೆ ಅದನ್ನೇ ಕೊಡ್ತೀವಿ.

ಇತ್ತ ಬಹರೇನಿನಲ್ಲಿ ಶುಕ್ರವಾರ-ಶನಿವಾರ ಕಳೆಯೋದು ಹೇಗೆ? ಶುಕ್ರವಾರ ತಡವಾಗಿ ಏಳೋದು, ವಾರದ ತರಕಾರಿ ತರೋದು, ಸಂಜೆ ಮಾಲಿನಲ್ಲಿ ಒಂದು ಸುತ್ತು. ಶನಿವಾರ ಯಾರದೋ ಮಗುವಿನ ಹುಟ್ಟುಹಬ್ಬ, ರಾತ್ರಿ ವಾರದ ಅಂಗಿಗಳ ಇಸ್ತ್ರಿ. ಸಂಘದ ಕಾರ್ಯಕ್ರಮ, ಯಕ್ಷಗಾನ, ನಾಟಕಗಳಿಗೆ ಹೋಗಬೇಡಿ ಅಂತ ಹೇಳ್ತಿಲ್ಲ, ಖಂಡಿತ ಹೋಗಿ. ಆದ್ರೆ ಅಲ್ಲೂ ಗಂಡಸರು ಒಂದು ಗುಂಪು, ಹೆಂಗಸರು ಒಂದು ಗುಂಪು! ವರ್ಷಕ್ಕೆ ಐವತ್ತೆರಡು ವಾರಾಂತ್ಯ ಇದೆಯಲ್ಲ, ಅದರಲ್ಲಿ ಗಂಡ ಹೆಂಡತಿ ಇಬ್ಬರೇ ಕೂತು ಮಾತಾಡಿದ್ದು ಎಷ್ಟು? ನೀವೇ ಲೆಕ್ಕ ಹಾಕಿ ಗುರು.

ಈ ಲೆಕ್ಕದಲ್ಲಿ ಹೆಚ್ಚು ಸೋಲೋದು ಅವಳು. ನಮಗಾದ್ರೆ ಆಫೀಸಿದೆ, ಅಲ್ಲಿ ಹತ್ತು ದೇಶದ ಜನ ಇದಾರೆ. ಊರಲ್ಲಿ ಓದಿ, ಕೆಲಸ ಮಾಡ್ತಿದ್ದು, ಗಂಡನ ಹಿಂದೆ ಫ್ಯಾಮಿಲಿ ವೀಸಾದ ಮೇಲೆ ಬಂದು ನಾಲ್ಕು ಗೋಡೆ ಮಧ್ಯೆ ಕೂತಿರೋ ಎಷ್ಟು ಹೆಣ್ಣುಮಕ್ಕಳು ನಮ್ಮಲ್ಲಿಲ್ಲ? "ಎಲ್ಲಾದ್ರೂ ಹೋಗೋಣ್ವಾ" ಅಂತ ಅವಳು ಕೇಳಿದಾಗ ಅವಳಿಗೆ ಬೇಕಿರೋದು ಊರು ನೋಡೋದಲ್ಲ, ನಿಮ್ಮ ಜೊತೆ ಎರಡು ದಿನ. "ನೋಡಕ್ಕೆ ಏನಿದೆ" ಅಂದ್ರೆ ಅವಳು ಕೇಳಿದ ಪ್ರಶ್ನೆಯೇ ನಿಮಗೆ ಅರ್ಥ ಆಗಿಲ್ಲ ಅಂತ.

ದುಬೈಗೆ ಹೋದ್ರೆ ಮಾತ್ರ ಹೋದ ಹಾಗೇನಾ?

ಇನ್ನು ಕೆಲವರು ಎದ್ದ ತಕ್ಷಣ ದುಬೈ ಅಂತಾರೆ. ವರ್ಷಕ್ಕೊಮ್ಮೆ ಹೋಗಿ ಬನ್ನಿ, ಬೇಡ ಅನ್ನೋರು ಯಾರು? ಆದ್ರೆ ಎರಡೇ ದಿನಕ್ಕೆ ಅಂದ್ರೆ ಲೆಕ್ಕ ನೋಡಿ. ಹಾರಾಟ ಒಂದೂಕಾಲು ಗಂಟೆ ಇರಬಹುದು, ಆದ್ರೆ ಮನೆ ಬಾಗಿಲಿಂದ ಹೋಟೆಲ್ ಬಾಗಿಲಿಗೆ ಅರ್ಧ ದಿನ. ಬರೋವಾಗ ಇನ್ನರ್ಧ ದಿನ. ಯುಎಇ ವೀಸಾ ಬೇರೆ ಮಾಡಿಸಬೇಕು. ಬಹರೇನಿಗೆ 2006ರಿಂದ ಶುಕ್ರವಾರ-ಶನಿವಾರ ರಜೆ. ಯುಎಇ 2022ರ ಜನವರಿಯಿಂದ ಶನಿವಾರ-ಭಾನುವಾರಕ್ಕೆ ಹೋಯ್ತು. ಅಲ್ಲಿರೋ ಗೆಳೆಯರಿಗೂ ನಿಮಗೂ ಈಗ ಶನಿವಾರ ಒಂದೇ ಸಮನಾದ ರಜೆ. ಕೊನೆಗೆ ಆಗೋದೇನು? ಎತ್ತರದ ಕಟ್ಟಡದ ಮುಂದೆ ನಾಲ್ಕು ಫೋಟೋ, ಮತ್ತೊಂದು ಮಾಲ್, ತಿಂಗಳ ಕೊನೆಗೆ ಕ್ರೆಡಿಟ್ ಕಾರ್ಡಿನ ಬಿಲ್ಲು, ಆ ಬಿಲ್ಲಿನ ಮೇಲೊಂದು ಜಗಳ.

ದುಬೈ ಕೆಟ್ಟದ್ದು ಅಂತಲ್ಲ. "ದುಬೈ ಇಲ್ಲಾಂದ್ರೆ ಏನೂ ಇಲ್ಲ" ಅನ್ನೋದು ಕೆಟ್ಟದ್ದು.

ಹಾಗಾದ್ರೆ ಇಲ್ಲಿ ಏನಿದೆ?

ಬೆಂಗಳೂರು ನಗರದಷ್ಟೇ ಇರೋ, ಸುಮಾರು 780 ಚದರ ಕಿ.ಮೀ.ನ ಈ ದೇಶದಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ತಾಣಗಳು ಮೂರಿವೆ: ಬಹರೇನ್ ಕೋಟೆ (2005), ಮುಹರಕ್‌ನ ಮುತ್ತಿನ ದಾರಿ (2012), ದಿಲ್ಮುನ್ ಕಾಲದ ಸಮಾಧಿ ದಿಬ್ಬಗಳು (2019). ಮೂರೂ ಮನೆಯಿಂದ ಅರ್ಧ-ಮುಕ್ಕಾಲು ಗಂಟೆ ದಾರಿ. ನಮ್ಮಲ್ಲಿ ಎಷ್ಟು ಜನ ಮೂರನ್ನೂ ನೋಡಿದೀವಿ?

ಎರಡು ದಿನದ ಯೋಜನೆ ಹೀಗೆ ಮಾಡಿ ನೋಡಿ. ಶುಕ್ರವಾರ ಆತುರ ಬೇಡ. ನಮಾಜಿನ ಹೊತ್ತಿಗೆ ಎಷ್ಟೋ ಅಂಗಡಿ ಮುಚ್ಚಿರುತ್ತೆ. ಮಧ್ಯಾಹ್ನ ಮೂರರ ಮೇಲೆ ಬಹರೇನ್ ಕೋಟೆಗೆ ಹೋಗಿ. ಆ ದಿಬ್ಬದಲ್ಲಿ ಕ್ರಿ.ಪೂ. ಸುಮಾರು 2300ರಿಂದ ಕ್ರಿ.ಶ. 16ನೇ ಶತಮಾನದವರೆಗೂ ಜನ ಬದುಕಿದ್ದರು, ಒಬ್ಬರ ಊರಿನ ಮೇಲೆ ಇನ್ನೊಬ್ಬರ ಊರು. ಸಿಂಧೂ ಕಣಿವೆಯ ತೂಕದ ಕಲ್ಲುಗಳು ಇಲ್ಲಿ ಸಿಕ್ಕಿವೆ, ಈ ಕೊಲ್ಲಿಯ ಮಾದರಿಯ ಮುದ್ರೆ ಗುಜರಾತಿನ ಲೋಥಲ್‌ನಲ್ಲಿ ಸಿಕ್ಕಿದೆ. ಅಂದ್ರೆ ವ್ಯಾಪಾರಕ್ಕೆ ಅಂತ ಭಾರತದವರು ಇಲ್ಲಿಗೆ, ಇಲ್ಲಿಯವರು ಅಲ್ಲಿಗೆ ಓಡಾಡೋದು ನಮ್ಮಿಂದ ಶುರುವಾಗಿದ್ದಲ್ಲ, ನಾಲ್ಕು ಸಾವಿರ ವರ್ಷದ ಹಳೇ ಕಥೆ! ಕೋಟೆ ಗೋಡೆ ಮೇಲೆ ಕೂತು ಸಮುದ್ರದಲ್ಲಿ ಸೂರ್ಯ ಮುಳುಗೋದು ನೋಡಿ. ಟಿಕೆಟ್ಟು ಇಲ್ಲದ ಸಿನಿಮಾ ಅದು.

ಸಾಧ್ಯ ಇದ್ರೆ ಆ ರಾತ್ರಿ ಮನೆಗೆ ಬರಬೇಡಿ. ಇದೇ ಊರಲ್ಲಿ ಒಂದು ಸಾಧಾರಣ ಹೋಟೆಲಿನಲ್ಲಿ ರೂಮು ಮಾಡಿ. "ಮನೆ ಇಟ್ಟುಕೊಂಡು ಹೋಟೆಲಾ?" ಅಂತೀರಾ? ಮನೇಲಿ ಇದ್ರೆ ಅವಳು ಅಡುಗೆಮನೆಗೆ ಹೋಗ್ತಾಳೆ, ನೀವು ಲ್ಯಾಪ್‌ಟಾಪ್ ತೆಗೀತೀರಿ. ಒಂದು ರಾತ್ರಿ ಯಾರೂ ಪಾತ್ರೆ ತೊಳೀಬಾರದು, ಅದೇ ರೊಮಾನ್ಸು ಗುರು!

ಶನಿವಾರ ಬೆಳಿಗ್ಗೆ ಮುಹರಕ್. ಒಂದು ಹಳೇ ಹೋಟೆಲಿನಲ್ಲಿ ಬಲಾಲೀತ್ ತಿನ್ನಿ. ನಮ್ಮ ಶಾವಿಗೆಯನ್ನೇ ಸಕ್ಕರೆ, ಏಲಕ್ಕಿ ಹಾಕಿ ಸಿಹಿ ಮಾಡಿ ಮೇಲೆ ಮೊಟ್ಟೆ ಹೊದಿಸಿರ್ತಾರೆ. ಮೊಟ್ಟೆ ತಿನ್ನದವರು ಬೇಡ ಅಂದ್ರಾಯ್ತು. ಜೊತೆಗೆ ಕರಕ್ ಚಹಾ. ಆಮೇಲೆ ಮುತ್ತಿನ ದಾರಿ ನಡೀರಿ. ಜನ ವಾಸ ಇರೋ ಹಳೇ ಓಣಿಗಳವು, ಮೈತುಂಬ ಬಟ್ಟೆ ಇರಲಿ, ದನಿ ಮೆಲ್ಲಗಿರಲಿ. ಸಂಜೆ ಬಿಡುವಿದ್ರೆ ಮರಳುಗಾಡಿನ ನಡುವೆ ಒಂಟಿಯಾಗಿ ನಿಂತಿರೋ "ಜೀವದ ಮರ"ದ ಹತ್ತಿರ ಹೋಗಿ. ನಾನೂರು ವರ್ಷದ್ದು ಅಂತಾರೆ. ಅದು ಯಾವ ಮರ ಗೊತ್ತಾ? ನಮ್ಮ ಬನ್ನಿ! ವಿಜಯದಶಮಿಗೆ ಎಲೆ ಹಂಚಿಕೊಂಡು ಬಂಗಾರದ ಹಾಗಿರೋಣ ಅಂತೀವಲ್ಲ, ಅದೇ ಬನ್ನಿಯ ಜಾತಿ. ಸುತ್ತ ಹನಿ ನೀರು ಕಾಣದ ಕಡೆ ಹಸಿರಾಗಿ ನಿಂತಿದೆ. ಬೇರು ಆಳಕ್ಕೆ ಹೋಗಿರೋದಕ್ಕೆ ಬದುಕಿದೆ. ಸಂಸಾರಕ್ಕೆ ಇದಕ್ಕಿಂತ ಒಳ್ಳೇ ಪಾಠ ಯಾವ ಹೋಟೆಲು ಕೊಡುತ್ತೆ?

ನವೆಂಬರಿಂದ ಮಾರ್ಚ್ ಒಳಗೆ ಆದ್ರೆ ಹವೆ ಹಿತ. ಸಮುದ್ರ ಇಷ್ಟಪಡೋರು ದೋಣಿ ಮಾಡಿಕೊಂಡು ಜರಾದಾಗೆ ಹೋಗಬಹುದು: ಇಳಿತದ ಹೊತ್ತಲ್ಲಿ ಮೇಲೇಳೋ, ಉಬ್ಬರಕ್ಕೆ ಮುಳುಗೋ ಮರಳ ದಿಬ್ಬ. ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ.

ಮುತ್ತಿನ ದಾರಿ ಹೇಳೋ ಕಥೆ

ಈಗ ಮುಖ್ಯವಾದ ಮಾತಿಗೆ ಬರ್ತೀನಿ. ಮುತ್ತಿನ ದಾರಿಯಲ್ಲಿ ದೊಡ್ಡ ವ್ಯಾಪಾರಿಗಳ ಮನೆಗಳಿವೆ, ಮುತ್ತು ತೆಗೆಯೋಕೆ ಮುಳುಗುತ್ತಿದ್ದವರ ಸಣ್ಣ ಮನೆಯೂ ಇದೆ. ಎಣ್ಣೆ ಸಿಗೋ ಮೊದಲು ಈ ದ್ವೀಪ ಬದುಕಿದ್ದು ಮುತ್ತಿನ ಮೇಲೆ. ಬೇಸಿಗೆ ಬಂದ್ರೆ ಸುಮಾರು ನಾಲ್ಕು ತಿಂಗಳು ಗಂಡಸರೆಲ್ಲ ಕಡಲಲ್ಲಿ. ಮೂಗಿಗೆ ಚಿಮಟ, ಕಾಲಿಗೆ ಕಲ್ಲು ಕಟ್ಟಿ, ಉಸಿರು ಹಿಡಿದು ಮುಳುಗೋದು. ದೋಣಿ ಯಜಮಾನನ ಹತ್ತಿರ ಮುಂಗಡ ಪಡೆದ ಸಾಲ ತೀರೋವರೆಗೂ ಬಿಡುಗಡೆ ಇಲ್ಲ, ಆ ಸಾಲ ತೀರ್ತಾನೂ ಇರಲಿಲ್ಲ. ದಡದಲ್ಲಿ ಹೆಂಗಸರು ಸೇರಿ, ನಮ್ಮ ಗಂಡಸರನ್ನ ಹಿಂದಿರುಗಿಸು ಅಂತ ಸಮುದ್ರವನ್ನೇ ಹಾಡಿ ಬೇಡ್ತಿದ್ರಂತೆ. ಆಮೇಲೆ ಜಪಾನಿನ ಕೃಷಿ ಮುತ್ತು ಮಾರುಕಟ್ಟೆ ಹಾಳು ಮಾಡಿತು, 1932ರಲ್ಲಿ ಜೆಬೆಲ್ ದುಖಾನ್ ಹತ್ತಿರ ಎಣ್ಣೆ ಸಿಕ್ಕಿತು, ಆ ಕಾಲ ಮುಗೀತು.

ಮುಗೀತಾ ನಿಜವಾಗ್ಲೂ? ಇವತ್ತು ಬಹರೇನಿನಲ್ಲಿರೋ ಜನರಲ್ಲಿ ಅರ್ಧಕ್ಕೂ ಹೆಚ್ಚು ಹೊರದೇಶದವರು. ಅವರಲ್ಲಿ ಹೆಂಡತಿಯನ್ನ ಜೊತೆಗೆ ಇಟ್ಟುಕೊಳ್ಳೋ ಭಾಗ್ಯ ಇರೋರು ಯಾರು? ಫ್ಯಾಮಿಲಿ ವೀಸಾಕ್ಕೆ ಸಂಬಳದ ಮಿತಿ ಇದೆ. ಅದರ ಕೆಳಗಿರೋ ಗಂಡಸಿಗೆ ಮದುವೆ ಆಗಿದ್ರೂ ಇಲ್ಲಿ "ಬ್ಯಾಚುಲರ್" ಅಂತಲೇ ಹೆಸರು. ಕರಾವಳಿಯಿಂದ, ಉತ್ತರ ಕರ್ನಾಟಕದಿಂದ ಬಂದ ಡ್ರೈವರು, ಬಡಗಿ, ಎಲೆಕ್ಟ್ರಿಷಿಯನ್, ಹೋಟೆಲ್ ಅಡುಗೆಯವರು ಒಂದೇ ಕೋಣೆಯಲ್ಲಿ ಆರೆಂಟು ಜನ ಮಲಗ್ತಾರೆ. ಮುತ್ತಿನ ಮುಳುಗುಗಾರ ನಾಲ್ಕು ತಿಂಗಳಿಗೆ ದಡಕ್ಕೆ ಬರ್ತಿದ್ದ. ಇವರಲ್ಲಿ ಎಷ್ಟೋ ಜನ ಎರಡು ವರ್ಷಕ್ಕೊಮ್ಮೆ ಬರ್ತಾರೆ! ಅವರ ಶುಕ್ರವಾರದ ರೊಮಾನ್ಸು ಅಂದ್ರೆ ಮಂಚದ ಮೂಲೆಯಲ್ಲಿ, ಉಳಿದವರಿಗೆ ಕೇಳದ ಹಾಗೆ ದನಿ ತಗ್ಗಿಸಿ, ಫೋನಿನ ಪರದೆಯಲ್ಲಿ ಹೆಂಡತಿ ಮುಖ ನೋಡೋದು.

ಈಗ ಹೇಳಿ. ಅವರಿಗೆ ಸಿಗದ ಎರಡು ದಿನ ನಮಗೆ ಪ್ರತಿ ವಾರ ಸಿಕ್ತಿದೆ. ಹೆಂಡತಿ ಪಕ್ಕದಲ್ಲೇ ಇದಾಳೆ, ಕಾರು ಕೆಳಗೆ ನಿಂತಿದೆ, ಕಡಲು ಹತ್ತು ನಿಮಿಷ ದೂರ. ಅದನ್ನ "ನೋಡಕ್ಕೆ ಏನಿದೆ" ಅಂತ ಕಾಲಲ್ಲಿ ಒದೆಯೋದು ಸೋಮಾರಿತನ ಅಷ್ಟೇ ಅಲ್ಲ, ಅವರ ಪಾಲಿಗೆ ಅದು ಅವಮಾನ.

ಮಾಡಬೇಕಾದ್ದೇನು?

ಮೊದಲು ತಾರೀಖು ಬರೀರಿ. "ಯಾವಾಗಾದ್ರೂ" ಅನ್ನೋ ವಾರ ಕ್ಯಾಲೆಂಡರಿನಲ್ಲಿ ಇಲ್ಲ. ಎರಡನೇದು, ಎಲ್ಲಿಗೆ ಅಂತ ಅವಳನ್ನ ಕೇಳಿ. ರೂಮು, ದೋಣಿ, ಕಾರಿಗೆ ಪೆಟ್ರೋಲು, ಎಲ್ಲದರ ಓಡಾಟ ನೀವು ಮಾಡಿ. ಪ್ರವಾಸದ ತಯಾರಿಯೂ ಅವಳ ತಲೆ ಮೇಲೇ ಬಿದ್ರೆ ಅವಳಿಗೆ ಅದು ಇನ್ನೊಂದು ಕೆಲಸ. ಮೂರನೇದು, ಖರ್ಚಿನ ಮಿತಿ ಮೊದಲೇ ಇಬ್ಬರೂ ಮಾತಾಡಿ, ಆಮೇಲೆ ಬಿಲ್ಲು ನೋಡಿ ಮುಖ ಸಿಂಡರಿಸಬೇಡಿ. ನಾಲ್ಕನೇದು, ಆಫೀಸಿನ ಫೋನು ಮನೇಲಿ ಬಿಟ್ಟು ಹೋಗಿ.

"ಮಕ್ಕಳಿದಾರಲ್ಲ ಸ್ವಾಮಿ" ಅಂತೀರಾ? ಇಲ್ಲಿ ಅಜ್ಜಿ ಇಲ್ಲ, ನಿಜ. ಪಕ್ಕದ ಕಟ್ಟಡದಲ್ಲಿ ಇನ್ನೊಂದು ಕನ್ನಡದ ಸಂಸಾರ ಇದೆಯಲ್ಲ? ಈ ವಾರ ನಿಮ್ಮ ಮಕ್ಕಳು ಅವರ ಮನೇಲಿ, ಮುಂದಿನ ತಿಂಗಳು ಅವರ ಮಕ್ಕಳು ನಿಮ್ಮ ಮನೇಲಿ. ಒಗ್ಗಟ್ಟು, ಒಗ್ಗಟ್ಟು ಅಂತ ವೇದಿಕೆ ಮೇಲೆ ಭಾಷಣ ಬಿಗೀತೀವಿ, ಇಷ್ಟು ಕೈಲಾಗಲ್ವಾ? "ಈ ವಯಸ್ಸಲ್ಲಿ ಇದೆಲ್ಲ ಬೇಕಾ, ಜನ ಏನಂತಾರೆ" ಅನ್ನೋರಿಗೆ ಒಂದೇ ಮಾತು: ಜನ ನಿಮ್ಮ ಫ್ಲಾಟಿನಲ್ಲಿ ಸಂಜೆ ಏಳು ಗಂಟೆಯ ಮೌನ ಕೇಳಿಸಿಕೊಂಡಿಲ್ಲ, ಅವಳು ಕೇಳಿಸಿಕೊಂಡಿದಾಳೆ.

ಕೊನೇದು, ಎಲ್ಲಕ್ಕಿಂತ ಮುಖ್ಯವಾದದ್ದು. ನಮ್ಮಲ್ಲಿ ಮ್ಯಾನೇಜರುಗಳಿದಾರೆ, ಎಚ್.ಆರ್. ವಿಭಾಗದವರಿದಾರೆ, ಸೈಟ್ ಎಂಜಿನಿಯರುಗಳಿದಾರೆ. ಕೆಳಗಿನವರ ರಜೆ ಅರ್ಜಿ ನಿಮ್ಮ ಮೇಜಿನ ಮೇಲೆ ಬರುತ್ತೆ. "ಪ್ರಾಜೆಕ್ಟ್ ಮುಗೀಲಿ, ಮುಂದಿನ ತಿಂಗಳು ನೋಡೋಣ" ಅಂತ ಬದಿಗೆ ತಳ್ಳೋ ಮೊದಲು ನೆನಪಿರಲಿ, ಎರಡು ವರ್ಷದಿಂದ ದಡದಲ್ಲಿ ಒಬ್ಬಳು ಕಾಯ್ತಿದಾಳೆ. ಸಂಬಳದ ಮಿತಿ ಬದಲಾಯಿಸೋದು ನಿಮ್ಮ ಕೈಲಿಲ್ಲ. ಆ ಸಹಿ ನಿಮ್ಮ ಕೈಲಿದೆ.

ಈ ಗುರುವಾರ ಆ ಅರ್ಜಿಗೆ ಸಹಿ ಹಾಕಿ, ಆಮೇಲೆ ಮನೆಗೆ ಹೋಗಿ, ಟೀವಿ ಆರಿಸಿ, ಅವಳು ಕೇಳೋ ಮೊದಲೇ ನೀವೇ ಕೇಳಿ: "ನಾಳೆ ಕೋಟೆಗೆ ಹೋಗೋಣ್ವಾ, ನಾವಿಬ್ಬರೇ?"

ಏನಂತೀರಾ ಗೆಳೆಯರೇ?